ಮತಪತ್ರ ಬರಲಿ, ಓದುವಂತೆ ಬರಲಿ

ಸಂಪಾದಕರಿಗೆ,

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಯಂತ್ರ ಬೇಡ, ಮತಪತ್ರವೇ ಇರಲಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ತೀರ್ಮಾನಿಸಿತು. ಆಗಿನಿಂದ ಪತ್ರಿಕೆಗಳಲ್ಲಿ ಪರ–ವಿರೋಧ ಬೇಕಾದಷ್ಟು ಬಂದಿದೆ. ಯಂತ್ರವನ್ನು ನಂಬುವುದೋ ಕಾಗದವನ್ನು ನಂಬುವುದೋ ಎಂಬುದೇ ಎಲ್ಲರ ವಾದ. ಆ ಕಾಗದ ಕೈಗೆ ಬಂದಾಗ ನಮ್ಮ ಕಡೆಯ ಮುದುಕರು, ಕೂಲಿ ಹೆಂಗಸರು ಅದನ್ನು ಓದಬಲ್ಲರೇ ಎಂದು ಮಾತ್ರ ಯಾರೂ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಗ್ರಾಮ ಪಂಚಾಯಿತಿಗೆ ಕಾಗದ ಹೊಸದಲ್ಲ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಚುನಾವಣೆ ನಡೆದಾಗ ಬೀದರ್ ಜಿಲ್ಲೆ ಒಂದನ್ನು ಬಿಟ್ಟು ಉಳಿದೆಡೆ ಮತಪತ್ರವೇ ಇತ್ತು. ನಮ್ಮೂರಿನ ಮತದಾನದ ದಿನ ನಮ್ಮ ಅತ್ತೆ ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಮತ ಹಾಕಲು ಹೋದರು. ನಮ್ಮ ವಾರ್ಡಿಗೆ ಮೂರು ಸ್ಥಾನ. ವಾಪಸ್ ಬಂದು ನೀರು ಕುಡಿಯುತ್ತಾ, “ನಿಂತಿರೋರಲ್ಲಿ ನಾಲ್ಕು ಜನ ನಮ್ಮೋರೇ ಕಣಮ್ಮ, ಯಾರಿಗೂ ಬೇಜಾರಾಗಬಾರದು ಅಂತ ನಾಲ್ಕಕ್ಕೂ ಒತ್ತಿದೆ” ಅಂದರು. ಮೂರೇ ಒತ್ತಬೇಕು ಅಂತ ಒಳಗೆ ಯಾರೂ ಹೇಳಲಿಲ್ಲವಾ ಎಂದೆ. ಏನೋ ಹೇಳಿದರು, ಗಲಾಟೆಯಲ್ಲಿ ಕೇಳಿಸಲಿಲ್ಲ ಅಂದರು. ಒಂದು ಮುದ್ರೆ ಹೆಚ್ಚಾದರೆ ಮತ ತಿರಸ್ಕಾರವಾಗುತ್ತದೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ವಿಧಾನಸಭೆ, ಲೋಕಸಭೆಗೆ ಒಬ್ಬರಿಗೆ ಒಂದೇ ಮತ. ಪಂಚಾಯಿತಿಯಲ್ಲಿ ಹಾಗಲ್ಲ. ವಾರ್ಡಿನಲ್ಲಿ ಎಷ್ಟು ಸ್ಥಾನವೋ ಅಷ್ಟು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಸಾಲದ್ದಕ್ಕೆ ಮೀಸಲಾತಿಯ ಲೆಕ್ಕ ಬೇರೆ. ಮಹಿಳಾ ಸ್ಥಾನಕ್ಕೆ ಹೆಂಗಸರೇ ಮತ ಹಾಕಬೇಕು, ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಆ ಜನರೇ ಹಾಕಬೇಕು ಎಂದುಕೊಂಡವರು ಈಗಲೂ ಇದ್ದಾರೆ. ಐದು ವರ್ಷಕ್ಕೊಮ್ಮೆ ಬರುವ ಈ ಲೆಕ್ಕ ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಅದನ್ನು ಕಾಗದವೇ ಹೇಳಬೇಕು.

ನಾನು ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುವವಳು. ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆಯ ಕರಪತ್ರ ಮಾಡಿಯೇ ಜೀವನ. ಹಾಗಾಗಿ ಅಕ್ಷರದ ವಿಷಯ ಸ್ವಲ್ಪ ಗೊತ್ತು. ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ತಲೆಕಟ್ಟು ಬೇಕು, ಗುಡಿಸು ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಸಾಲುಗಳನ್ನು ಇಕ್ಕಟ್ಟು ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಗ್ಗದ ಕಾಗದದ ಮೇಲೆ ಶಾಯಿ ಹರಡಿದರಂತೂ ‘ತಿಮ್ಮಕ್ಕ’ ಯಾವುದು ‘ತಿಪ್ಪಕ್ಕ’ ಯಾವುದು ಎಂದು ನನಗೇ ತಿಳಿಯುವುದಿಲ್ಲ. ‘ಪ’ಕ್ಕೂ ‘ಷ’ಕ್ಕೂ ನಡುವೆ ಇರುವುದು ಒಂದು ಸಣ್ಣ ಗೀಟು. ಮಧುಗಿರಿ, ಸಿರಾ, ಪಾವಗಡ ಸೀಮೆಯಲ್ಲಿ ಒಂದೇ ವಾರ್ಡಿಗೆ ಇಬ್ಬರು ಹನುಮಂತರಾಯಪ್ಪ ನಿಲ್ಲುವುದು ವಿಶೇಷವೇನಲ್ಲ, ಇನಿಷಿಯಲ್ ಅಷ್ಟೇ ಬೇರೆ. ಮನೆಯಲ್ಲಿ ತೆಲುಗು ಮಾತಾಡಿಕೊಂಡು, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರೂ ಇಲ್ಲಿ ಬಹಳ. ಅವರಿಗೆ ಒಂದೊಂದು ಅಕ್ಷರವೂ ಬಿಡಿಸಿಕೊಂಡು ಕಾಣಬೇಕು.

ಇದೆಲ್ಲ ಆಗದ ಕೆಲಸ ಎನ್ನುವಂತಿಲ್ಲ. ನಮ್ಮ ಸಂಪುಟ ಆ ತೀರ್ಮಾನ ಮಾಡಿದ ತಿಂಗಳಲ್ಲೇ ಕೇಂದ್ರ ಚುನಾವಣಾ ಆಯೋಗ ಮತಯಂತ್ರದ ಮೇಲೆ ಅಂಟಿಸುವ ಮತಪತ್ರಕ್ಕೆ ಹೊಸ ನಿಯಮ ತಂದಿತು. ಅಭ್ಯರ್ಥಿಯ ಫೋಟೊ ಬಣ್ಣದ್ದಿರಬೇಕು, ಅದಕ್ಕೆ ಕೊಟ್ಟ ಜಾಗದ ನಾಲ್ಕರಲ್ಲಿ ಮೂರು ಭಾಗ ಮುಖವೇ ಇರಬೇಕು, ಕ್ರಮಸಂಖ್ಯೆ 30ರ ಅಳತೆಯಲ್ಲಿ ದಪ್ಪಕ್ಷರದಲ್ಲಿ ಇರಬೇಕು, ಎಲ್ಲರ ಹೆಸರೂ ಒಂದೇ ಬಗೆಯ, ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಬಿಹಾರದ ಚುನಾವಣೆಯಿಂದ ಅದು ಜಾರಿಗೂ ಬಂತು. ಅದಕ್ಕೂ ಮೊದಲು, ಆ ವರ್ಷದ ಮೇ ತಿಂಗಳಲ್ಲಿ, ಮತದಾರರ ಚೀಟಿಯಲ್ಲಿ ಭಾಗದ ಸಂಖ್ಯೆ ಮತ್ತು ಕ್ರಮಸಂಖ್ಯೆ ದೊಡ್ಡದಾಗಿ ಎದ್ದು ಕಾಣಬೇಕೆಂದೂ ಅದೇ ಆಯೋಗ ಹೇಳಿತ್ತು. ದಿಲ್ಲಿಗೆ ಹೋಗುವ ಸಂಸದರನ್ನು ಆರಿಸಲು ಇಷ್ಟು ಕಾಳಜಿ ಇರುವಾಗ ಊರಿನ ನಲ್ಲಿ, ಚರಂಡಿ, ಬೀದಿದೀಪ ನೋಡುವವರನ್ನು ಆರಿಸುವ ಕಾಗದಕ್ಕೆ ಯಾಕೆ ಇರಬಾರದು?

ಓದುಬರಹ ಬಾರದ ಜನ ತಪ್ಪು ಮಾಡುತ್ತಾರೆ, ಕಾಗದ ಏನು ಮಾಡೀತು ಎನ್ನುವವರಿದ್ದಾರೆ. ವಿಧಾನ ಪರಿಷತ್ತಿನ ಚುನಾವಣೆ ನೋಡಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಕೋಲಾರ, ಚಿಕ್ಕಬಳ್ಳಾಪುರ ಸೇರಿದ ಆಗ್ನೇಯ ಪದವೀಧರ ಕ್ಷೇತ್ರದಲ್ಲಿ ಮತದಾರರೆಲ್ಲ ಪದವಿ ಪಡೆದವರೇ. ಅಲ್ಲಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಿಂದಲೇ 1, 2, 3 ಎಂದು ಅಂಕಿ ಬರೆಯಬೇಕು. ಟಿಕ್ ಹಾಕಿದರೆ, ಸಹಿ ಮಾಡಿದರೆ ಮತ ಹೋಯಿತು. ಎಣಿಕೆ ನಡೆದಾಗಲೆಲ್ಲ ಇಂಥ ಕ್ಷೇತ್ರಗಳ ತಿರಸ್ಕೃತ ಮತಗಳ ಸುದ್ದಿಯನ್ನು ನೀವೇ ಅಚ್ಚು ಮಾಡುತ್ತೀರಿ. ಪದವಿ ಇದ್ದವರೇ ಎಡವುವ ಕಡೆ ನಮ್ಮ ಅತ್ತೆಯನ್ನು ದೂರುವುದು ನ್ಯಾಯವಲ್ಲ.

1951–52ರ ಮೊದಲ ಮಹಾ ಚುನಾವಣೆಯಲ್ಲಿ ಓದು ಬಲ್ಲವರೇ ವಿರಳ. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಜನ ಓದು ಕಲಿಯಲಿ ಎಂದು ಕಾಯಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಮತಪತ್ರಕ್ಕೆ ಒತ್ತುವ ಬಾಣದ ಗುರುತಿನ ಮುದ್ರೆಯ ಹಿಂದೆಯೂ ಅಂಥದೇ ಯೋಚನೆ ಇದೆ. ಮಡಚಿದಾಗ ಹಸಿ ಶಾಯಿ ಇನ್ನೊಬ್ಬರ ಹೆಸರಿನ ಮೇಲೆ ಹತ್ತಿದರೂ ಅಲ್ಲಿ ಬಾಣ ತಿರುಗುಮುರುಗಾಗಿ ಮೂಡುತ್ತದೆ, ನಿಜವಾದ ಮುದ್ರೆ ಯಾವುದೆಂದು ಎಣಿಸುವವರಿಗೆ ಗೊತ್ತಾಗುತ್ತದೆ. ಮೊದಲು ಉದ್ದಕ್ಕೆ ಮಡಚಿ ಎನ್ನುವುದೂ ಅದಕ್ಕೇ. ಆಗ ಶಾಯಿ ಹತ್ತಿದರೆ ಅದೇ ಅಭ್ಯರ್ಥಿಯ ಸಾಲಿಗೇ ಹತ್ತುತ್ತದೆ. ಮುದ್ರೆಯ ಬಗ್ಗೆ ಇಷ್ಟು ಯೋಚಿಸಿದವರ ನಾಡಿನಲ್ಲಿ ಕಾಗದದ ಬಗ್ಗೆಯೂ ಯೋಚಿಸುವವರು ಸಿಗುತ್ತಾರೆ.

ಅಕ್ಷರ ದೊಡ್ಡದು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಪಾಮ್ ಬೀಚ್‌ನಲ್ಲಿ ವಯಸ್ಸಾದವರಿಗೆ ಅನುಕೂಲವಾಗಲಿ ಎಂದೇ ಅಕ್ಷರ ಹಿಗ್ಗಿಸಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸದೆ ಎದುರುಬದುರು ಎರಡು ಪುಟಕ್ಕೆ ಹೋದವು, ತೂತು ಮಾಡುವ ಜಾಗ ನಡುವೆ ಉಳಿಯಿತು. ಎಡಪುಟದಲ್ಲಿ ಎರಡನೆಯವರಾಗಿದ್ದ ಅಭ್ಯರ್ಥಿ ಗೋರ್ ಅವರಿಗೆ ಮೂರನೆಯ ತೂತು. ಸಾವಿರಾರು ಜನ ಎರಡೆರಡು ತೂತು ಮಾಡಿ ಮತ ಕೆಡಿಸಿಕೊಂಡರು. ಆ ರಾಜ್ಯವನ್ನು, ಅದರೊಂದಿಗೆ ಅಧ್ಯಕ್ಷ ಪದವಿಯನ್ನು ಎದುರಾಳಿ ಬುಷ್ ಗೆದ್ದದ್ದು 537 ಮತಗಳಿಂದ. ನಮ್ಮಲ್ಲೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಒಂದೇ ಒಂದು ಮತದಿಂದ ಸೋತರು. ವಿಧಾನಸಭೆಯ ಕತೆಯೇ ಹೀಗಾದರೆ, ನಾನೂರು–ಐನೂರು ಮತದ ವಾರ್ಡಿನಲ್ಲಿ ಕೆಟ್ಟ ಮತ ಹತ್ತಾದರೂ ಸಾಕು, ಫಲಿತಾಂಶ ತಿರುಗುತ್ತದೆ.

ಆದ್ದರಿಂದ ರಾಜ್ಯ ಚುನಾವಣಾ ಆಯೋಗಕ್ಕೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇದು. ಮತಪತ್ರದ ತಲೆಯ ಮೇಲೆ ಬೆರಳುದ್ದದ ಅಂಕಿಯಲ್ಲಿ ‘3 ಸ್ಥಾನ, 3 ಮುದ್ರೆ’ ಎಂದು ಹಾಕಿ, ಓದು ಬಾರದವರಿಗಾಗಿ ಪಕ್ಕದಲ್ಲೇ ಮೂರು ಮುದ್ರೆಯ ಚಿತ್ರ ಬಿಡಿಸಿ. ಅದನ್ನೇ ಗೋಡೆಯಷ್ಟು ದೊಡ್ಡದು ಮಾಡಿ ಸರದಿ ನಿಲ್ಲುವ ಕಡೆ ತೂಗುಹಾಕಿ, ಒಳಗೆ ಹೋಗುವ ಮುಂಚೆಯೇ ಹತ್ತು ಸಲ ಕಣ್ಣಿಗೆ ಬೀಳಲಿ. ಹೆಸರಿನ ಜೊತೆ ಫೋಟೊ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಲಕ್ಷಗಟ್ಟಲೆ ಅಚ್ಚು ಹಾಕುವ ಮೊದಲು ನಮೂನೆಯನ್ನು ಹಳ್ಳಿಗೆ ತಂದು ಜನರ ಕೈಗೆ ಕೊಟ್ಟು ನೋಡಿ. ಲಗ್ನಪತ್ರಿಕೆಯನ್ನೇ ನಾವು ಪ್ರೂಫ್ ತೋರಿಸದೆ ಅಚ್ಚಿಗೆ ಕಳಿಸುವುದಿಲ್ಲ.

ಸ್ತ್ರೀಶಕ್ತಿ ಸಂಘದ ಇಪ್ಪತ್ತು ಹೆಂಗಸರನ್ನು ಕೂರಿಸುವುದು ನನ್ನ ಜವಾಬ್ದಾರಿ. ನಮೂನೆ ತರುವ ಅಧಿಕಾರಿಗಳು ಒಂದು ಸಂಜೆ ಬಿಡುವು ಮಾಡಿಕೊಂಡು ಬಂದರೆ ಸಾಕು. ಮೊದಲ ಕಾಗದ ನಮ್ಮ ಅತ್ತೆಯ ಕೈಗೆ ಕೊಡಲಿ.

ಇಂತಿ,
ಒಬ್ಬ ಓದುಗರು,
ರಾಯಚರ್ಲು, ತುಮಕೂರು ಜಿಲ್ಲೆ