ಅರ್ಕಾವತ್ತಿನ ಹಿಂದಿರುವ ಎರವಲು ಸರಕು

ಲಾಯಿಲ (ಬೆಳ್ತಂಗಡಿ): ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಲ್ಲಿ ಕುಳಿತು ಗ್ರಾಮ ಪಂಚಾಯತ್‌ಗೊಂದು ಅರ್ಜಿ ಸಿದ್ಧಪಡಿಸುವವರು 'ಕರ್ನಾಟಕ' ಎಂದು ಯುನಿಕೋಡ್‌ನಲ್ಲಿ ಬೆರಳಚ್ಚಿಸಿದರೆ ಗಣಕಯಂತ್ರದ ಸ್ಮೃತಿಯಲ್ಲಿ 'ರ' ಮೊದಲು ದಾಖಲಾಗುತ್ತದೆ, 'ನ' ಆನಂತರ. ಪರದೆಯ ಮೇಲಾದರೋ ಅರ್ಕಾವತ್ತು 'ನಾ' ಕಳೆದ ಮೇಲೆ ಕಾಣಿಸಿಕೊಳ್ಳಬೇಕು. ಈ ಸ್ಥಾನಪಲ್ಲಟ ಮಾಡುವುದು ಅಕ್ಷರಶೈಲಿಯೊಂದೇ ಅಲ್ಲ. ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶದ ಒಡಲಲ್ಲಿ ಕುಳಿತಿರುವ 'ಹಾರ್ಫ್‌ಬಝ್' ಎಂಬ ಅನ್ಯರ ಲೈಬ್ರರಿ. (ಪರ್ಷಿಯನ್ ಮೂಲದ ಈ ಹೆಸರಿಗೆ 'ತೆರೆದ ಅಕ್ಷರ' ಎಂಬರ್ಥ.)

ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ, ಒಬ್ಬರು ಬರೆದು ಹಲವರು ಬಳಸುವ ಸಿದ್ಧ ಸಂಕೇತಗಳ ಕಂತೆ. ಲಿಬ್ರೆಆಫೀಸ್ 2013ರ 4.1 ಆವೃತ್ತಿಯಲ್ಲಿ ಲಿನಕ್ಸ್‌ಗೆ ಹಾರ್ಫ್‌ಬಝ್ ಅಳವಡಿಸಿಕೊಂಡಿತು. 2017ರ 5.3 ಆವೃತ್ತಿಯಲ್ಲಿ ವಿಂಡೋಸ್, ಮ್ಯಾಕ್‌ಗಳಿಗೂ ಅದೇ ಬಂದಿತು. ಅಲ್ಲಿಯವರೆಗೆ ಒಂದೊಂದು ಕಾರ್ಯಾಚರಣ ವ್ಯವಸ್ಥೆಯಲ್ಲಿ ಅಕ್ಷರ ಜೋಡಿಸುವ ಯಂತ್ರವೇ ಬೇರೆಯಾಗಿತ್ತು. ಒಂದೆಡೆ ಸರಿಯಾಗಿ ಮೂಡಿದ ಒತ್ತಕ್ಷರ ಇನ್ನೊಂದೆಡೆ ಹಾಗೆಯೇ ಮೂಡೀತೆಂಬ ಭರವಸೆ ಇರಲಿಲ್ಲ.

ಆದರೆ ಎರವಲು ಸರಕನ್ನು ಹೊಸದಾಗಿಸುವುದು ಹೇಳಿದಷ್ಟು ಸುಲಭವಲ್ಲ. ಲಿಬ್ರೆಆಫೀಸ್‌ನ ಮೂಲದಲ್ಲಿ ಇಂಥ ಲೈಬ್ರರಿಗಳ ಕಡತದ ಹೆಸರು ಹಾಗೂ ತಾಳೆಸಂಖ್ಯೆಗಳಿಗೆಂದೇ ಒಂದು ಪಟ್ಟಿಯಿದೆ. ಅದರಲ್ಲಿ ಎರಡು ಸಾಲು ಬದಲಿಸುವುದು ಐದು ನಿಮಿಷದ ಕೆಲಸ. ನಿಜವಾದ ದುಡಿಮೆ ಆನಂತರದ್ದು. ಹಿಂದೆ ಹಾಕಿದ ತೇಪೆಗಳಲ್ಲಿ ಯಾವುವು ಮೂಲದವರ ಹೊಸ ಆವೃತ್ತಿಯಲ್ಲೇ ಸೇರಿಹೋಗಿವೆ, ಯಾವುವನ್ನು ಮತ್ತೆ ಹಾಕಬೇಕು ಎಂದು ನೋಡಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕಟ್ಟಿ ಪರೀಕ್ಷಿಸಬೇಕು. ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಲು ಮುರಿಯುವ ಜಾಗ ಸರಿದು, ನಾಲ್ಕು ಪುಟದ ಹಳೆಯ ಕಡತ ಐದನೆಯ ಪುಟಕ್ಕೆ ಹರಿಯಬಹುದು. 'ರ‍್ಯಾಂಕ್' ಎಂಬಲ್ಲಿ ಅರ್ಕಾವತ್ತು ಬಾರದಂತೆ ತಡೆಯಲು 'ರ'ದ ಬೆನ್ನಿಗೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇರಿಸಬೇಕೆಂಬ ಯುನಿಕೋಡ್ ನಿಯಮ ಕನ್ನಡಿಗರಲ್ಲದ ಪರೀಕ್ಷಕರ ಗಮನಕ್ಕೆ ಬರುವ ಸಂಭವ ಕಡಿಮೆಯೇ. ಹಾರ್ಫ್‌ಬಝ್‌ನ ಪರೀಕ್ಷಾ ಪಠ್ಯಗಳಲ್ಲಿ ಕನ್ನಡವೂ ಇದೆಯೆಂಬುದಷ್ಟೇ ಸಮಾಧಾನ.

ಹಾಗಾದರೆ ಹಳೆಯದನ್ನೇ ಇಟ್ಟುಕೊಂಡರಾಗದೆ? ಆಗದು ಎಂಬುದಕ್ಕೆ 2023ರ ಸೆಪ್ಟೆಂಬರ್ ಸಾಕ್ಷಿ. ವೆಬ್‌ಪಿ ಚಿತ್ರಗಳನ್ನು ಬಿಡಿಸುವ 'ಲಿಬ್‌ವೆಬ್‌ಪಿ' ಲೈಬ್ರರಿಯಲ್ಲಿ ಗಂಭೀರ ದೋಷ ಪತ್ತೆಯಾಯಿತು. ದುಷ್ಕರ್ಮಿಗಳು ಅದನ್ನು ಅದಾಗಲೇ ಬಳಸತೊಡಗಿದ್ದರು. ಕ್ರೋಮ್, ಫೈರ್‌ಫಾಕ್ಸ್‌ಗಳು ತಮ್ಮ ಒಳಪ್ರತಿಗಳನ್ನು ಕೂಡಲೇ ಸರಿಪಡಿಸಿದವು. ಲಿಬ್ರೆಆಫೀಸ್ ತನ್ನ 7.6.2 ಹಾಗೂ 7.5.7 ಆವೃತ್ತಿಗಳನ್ನು ನಿಗದಿತ ದಿನಕ್ಕೆ ಮುಂಚೆಯೇ ಹೊರತಂದಿತು. ಒಂದು ದೋಷಕ್ಕೆ ನೂರಾರು ಕಡೆ ಮದ್ದು ಹಚ್ಚಬೇಕಾಗಿ ಬಂದದ್ದು ಪ್ರತಿ ತಂತ್ರಾಂಶವೂ ತನ್ನದೇ ಪ್ರತಿಯನ್ನು ಕಟ್ಟಿಕೊಂಡದ್ದರಿಂದ. ಡೆಬಿಯನ್‌ನಂಥ ಲಿನಕ್ಸ್ ಯೋಜನೆಗಳು ಇಂಥ ಒಳಪ್ರತಿಗಳನ್ನು ಒಪ್ಪದೆ, ವ್ಯವಸ್ಥೆಗೆಲ್ಲ ಒಂದೇ ಲೈಬ್ರರಿ ಇರಲಿ ಎನ್ನುವುದು ಇದೇ ಕಾರಣಕ್ಕೆ.

ಮರುವರ್ಷವೇ ವಾದ ತಲೆಕೆಳಗಾಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು 'ಎಕ್ಸ್‌ಝಡ್' ಲೈಬ್ರರಿಯ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಯಾರೋ ಉದ್ದೇಶಪೂರ್ವಕವಾಗಿ ಇರಿಸಿರುವುದನ್ನು ಬಹಿರಂಗಪಡಿಸಿದರು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದು ಅವರ ಅನುಮಾನಕ್ಕೆ ಕಾರಣವಾಗಿತ್ತು. ಡೆಬಿಯನ್‌ನ ನಿಧಾನಗತಿಯ ಸ್ಥಿರ ಆವೃತ್ತಿ ಬಳಸುತ್ತಿದ್ದವರು ಪಾರಾದರು. ಹೊಸದಕ್ಕೆ ಮುಗಿಬಿದ್ದ ಪರೀಕ್ಷಾ ಆವೃತ್ತಿಗಳಿಗೆ ಸೋಂಕು ತಗಲಿತು. ಸಾರ್ವಜನಿಕ ಮೂಲಸಂಕೇತದಲ್ಲಿ ಇಲ್ಲದ ಒಂದು ತುಣುಕು, ಬಿಡುಗಡೆಯ ಕಂತೆಯಲ್ಲಿ ಮಾತ್ರ ಅಡಗಿತ್ತು. ತಾಳೆಸಂಖ್ಯೆ ಹೊಂದಿದರೆ ಕಡತ ದಾರಿಯಲ್ಲಿ ಬದಲಾಗಿಲ್ಲವೆಂದು ತಿಳಿಯುತ್ತದೆಯೇ ಹೊರತು ಅದನ್ನು ಕಟ್ಟಿದವರು ಪ್ರಾಮಾಣಿಕರೆಂದಲ್ಲ.

ಲಾಯಿಲದ ಬಳಕೆದಾರರ ಮಟ್ಟಿಗೆ ವ್ಯತ್ಯಾಸ ಸ್ಪಷ್ಟ. ಅವರ ಯಂತ್ರದಲ್ಲಿ ಲಿನಕ್ಸ್ ಇದ್ದು, ಲಿಬ್ರೆಆಫೀಸ್ ಅದರ ಭಂಡಾರದಿಂದಲೇ ಬಂದಿದ್ದರೆ, ಲೈಬ್ರರಿಯ ದುರಸ್ತಿಯೂ ವ್ಯವಸ್ಥೆಯ ಇತರ ಪರಿಷ್ಕರಣೆಗಳೊಡನೆ ಬರುತ್ತದೆ. ವಿಂಡೋಸ್ ಇದ್ದರೆ ಹಾರ್ಫ್‌ಬಝ್, ಲಿಬ್‌ವೆಬ್‌ಪಿ ಎರಡೂ ಲಿಬ್ರೆಆಫೀಸ್‌ನ ಕಂತೆಯೊಳಗೇ ಇರುತ್ತವೆ. ಮೂರು ವರ್ಷದ ಹಿಂದೆ ಸ್ಥಾಪಿಸಿ ಮರೆತ ಪ್ರತಿಯಲ್ಲಿ ಮೂರು ವರ್ಷದ ಹಿಂದಿನ ಲೈಬ್ರರಿಯೇ ಇಂದಿಗೂ ಅರ್ಕಾವತ್ತು ಜೋಡಿಸುತ್ತಿರುತ್ತದೆ.