ಎಷ್ಟು ಚೂರು ಎಂದಷ್ಟೇ ಹೇಳಿದರೆ ಸಾಲದು

ಬೇಲೂರು, ಹಳೇಬೀಡಿನ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅರಸೀಕೆರೆಯ ಈಶ್ವರ ದೇಗುಲವೂ ಹೊಯ್ಸಳರದೇ. ಇಲ್ಲಿನ ಶಿಲ್ಪ, ಶಾಸನಗಳ ಫೋಟೊ, ವಿಡಿಯೊಗಳನ್ನು ಜನ ಈಗ ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿಡುತ್ತಾರೆ. ಡಿಸ್ಕ್ ತುಂಬುತ್ತ ಬಂದಾಗ, ಅಳಿಸಿದ ಫೈಲುಗಳು ಬಿಟ್ಟುಹೋದ ಸಂದುಗಳಲ್ಲಿ ಹೊಸ ಫೈಲು ಹರಿದು ಹಂಚಿಹೋಗುತ್ತದೆ. ಲಿನಕ್ಸ್‌ನಲ್ಲಿ ಇದನ್ನು ತಿಳಿಯಲು ‘ಫೈಲ್‌ಫ್ರ್ಯಾಗ್’ ಎಂಬ ಕಮಾಂಡ್ ಇದೆ. ಫೈಲಿನ ಹೆಸರು ಕೊಟ್ಟರೆ ಅದು ಎಷ್ಟು ಚೂರಾಗಿದೆ ಎಂದು ಒಂದು ಸಾಲಿನಲ್ಲಿ ಹೇಳುತ್ತದೆ. ಆ ಅಂಕಿಯೊಂದರಿಂದ ನಾವು ಏನು ಮಾಡಬೇಕೆಂಬುದು ಮಾತ್ರ ತಿಳಿಯುವುದಿಲ್ಲ.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಅರ್ಧ ಸುತ್ತಿಗೆ ಸುಮಾರು 4 ಮಿಲಿಸೆಕೆಂಡು ಬೇಕು. ಓದುವ ಹೆಡ್ ಜಾಗ ಬದಲಿಸಲು ಇನ್ನೊಂದು 8 ಹಿಡಿಯಿರಿ. ಚೂರಿನಿಂದ ಚೂರಿಗೆ 12 ಮಿಲಿಸೆಕೆಂಡಾದರೆ ಸಾವಿರ ಚೂರಿಗೆ 12 ಸೆಕೆಂಡು. 4 ಎಂಬಿಯ ಶಾಸನದ ಫೋಟೊ ಸಾವಿರ ಚೂರಾದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಬೇಕಾದದ್ದು ಅಷ್ಟು ಹೊತ್ತು ಕಾಯಿಸುತ್ತದೆ. 4 ಜಿಬಿಯ ವಿಡಿಯೊ ಸಾವಿರ ಚೂರಾದರೂ ಪ್ರತಿ ಚೂರು 4 ಎಂಬಿ ಇರುತ್ತದೆ, ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗದು. ಎರಡಕ್ಕೂ ಕಮಾಂಡ್ ಕೊಡುವ ಉತ್ತರ ಒಂದೇ, ಸಾವಿರ. ‘ಬಿಟಿಆರ್‌ಎಫ್‌ಎಸ್’ ಎಂಬ ಫೈಲ್ ವ್ಯವಸ್ಥೆ ಬಳಸುವ ಡಿಸ್ಕ್‌ನಲ್ಲಿ ಫೈಲನ್ನು ಒತ್ತಿ ಕಿರಿದಾಗಿಸಿ ಇಟ್ಟಿದ್ದರಂತೂ ಲೆಕ್ಕವೇ ತಪ್ಪುತ್ತದೆ: ಪ್ರತಿ 128 ಕೆಬಿಯನ್ನೂ ಬೇರೆ ಚೂರೆಂದು ಎಣಿಸುವುದರಿಂದ, ಒಂದೇ ಕಡೆ ನೆಟ್ಟಗೆ ಕೂತ 1 ಜಿಬಿ ಫೈಲೂ ಎಂಟು ಸಾವಿರ ಚೂರಿನಂತೆ ಕಾಣುತ್ತದೆ. ಹಳೇಬೀಡಿನಲ್ಲಿ ಮುರಿದ ಶಿಲ್ಪವನ್ನು ಜೋಡಿಸುವವರು ಚೂರು ಎಣಿಸಿ ಸುಮ್ಮನಾಗುವುದಿಲ್ಲ. ಯಾವುದು ಎಷ್ಟು ದೊಡ್ಡದು, ಎಲ್ಲಿ ಬಿದ್ದಿದೆ ಎಂದು ನೋಡುತ್ತಾರೆ. ಕಮಾಂಡ್ ಕೂಡ ಚೂರಿನ ಸರಾಸರಿ ಗಾತ್ರವನ್ನೂ ಓದಲು ತಗಲುವ ಹೆಚ್ಚುವರಿ ಹೊತ್ತಿನ ಅಂದಾಜನ್ನೂ ಹೇಳಲಿ.

ವಿವರ ಬೇಕೆಂದರೆ ಪೂರ್ತಿ ಪಟ್ಟಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ ನಿಜ, ಆದರೆ ಸಾವಿರ ಸಾಲು ಓದಿ ಕೂಡುವ ಕೆಲಸ ಯಂತ್ರದ್ದು. ಎಸ್‌ಎಸ್‌ಡಿ ಬಂದ ಮೇಲೆ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಆದರೂ ವರ್ಷಗಟ್ಟಲೆ ಕಾದಿಡುವ ದೊಡ್ಡ ಸಂಗ್ರಹಗಳಿಗೆ ಜನ ಅಗ್ಗದ ಹಾರ್ಡ್ ಡಿಸ್ಕನ್ನೇ ಕೊಳ್ಳುತ್ತಾರೆ. ಹಳೆಯ ಸಾಲನ್ನೇ ನಂಬಿದ ಸ್ಕ್ರಿಪ್ಟುಗಳು ಕೆಡದಂತೆ, ಹೊಸ ವಿವರವನ್ನು ಕೇಳಿದವರಿಗೆ ಮಾತ್ರ ಕೊಟ್ಟರಾಯಿತು. ಈ ಕಮಾಂಡಿನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಕೈಗೆತ್ತಿಕೊಳ್ಳಲಿ.