ಚಾರಣದ ಲೆಕ್ಕದಲ್ಲಿ ಒಂದು ಖಾಲಿ ದಿನ

ಮುಂಡಗೋಡದ ಬಿಸಿಲು ನೋಡಿ ಜೋಯಿಡಾದ ಕಾಡಿನ ನಡಿಗೆಗೆ ದಿನ ಗೊತ್ತುಮಾಡುವವರಿದ್ದಾರೆ. ಎರಡೂ ಉತ್ತರ ಕನ್ನಡದ ತಾಲ್ಲೂಕುಗಳೇ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯೂ ಸಾಮಾನ್ಯವಾಗಿ ಇಡೀ ಜಿಲ್ಲೆಗೆ ಒಟ್ಟಿಗೇ ಬರುತ್ತದೆ. ಆದರೆ ಮುಂಡಗೋಡ ಭತ್ತ, ಗೋವಿನಜೋಳದ ಅರೆಮಲೆನಾಡು. ಜೋಯಿಡಾದ ಕ್ಯಾಸಲ್‌ರಾಕ್, ಅಣಶಿ ಇರುವುದು ಘಟ್ಟದ ನೆತ್ತಿಯಲ್ಲಿ. ಅರಬ್ಬಿ ಸಮುದ್ರದ ಮೋಡ ಮೊದಲು ಸುರಿಯುವುದು ಅಲ್ಲಿ, ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ. ನಡೆಯುವವರಿಗೆ ಅಪಾಯ ತರುವುದು ತಲೆಯ ಮೇಲೆ ಬಿದ್ದ ಮಳೆಗಿಂತ ಹಳ್ಳದ ಮೇಲ್ಭಾಗದಲ್ಲಿ ಬಿದ್ದ ಮಳೆ. ಬೆಳಿಗ್ಗೆ ಮೊಣಕಾಲುಮಟ್ಟ ದಾಟಿದ ಹಳ್ಳ ಸಂಜೆ ಎದೆಮಟ್ಟವಾದರೆ ಮರಳಲೂ ದಾರಿಯಿಲ್ಲ. ಒಂದು ದಿನದ ಚಾರಣವಾದರೆ ಹೇಗೋ ನಿಭಾಯಿಸಬಹುದು. ಮೂರು ನಾಲ್ಕು ದಿನದ್ದಾದರೆ ಎರಡು ಸಂಗತಿ ಮನೆಯಲ್ಲೇ ತೀರ್ಮಾನವಾಗಿರಬೇಕು: ಎಲ್ಲಿಂದ ಹಿಂದಿರುಗುವುದು, ಹವೆ ಕೆಟ್ಟರೆ ಕಾಯಲು ಯಾವ ದಿನವನ್ನು ಖಾಲಿ ಬಿಡುವುದು.

ಮಳೆಗಾಲದಲ್ಲಿ ಹೋಗದಿದ್ದರಾಯಿತು ಎನ್ನುವುದು ಅರ್ಧ ಉತ್ತರ ಮಾತ್ರ. ಫಯಾನ್ ಚಂಡಮಾರುತ ಕೊಂಕಣ ತೀರಕ್ಕೆ ಬಂದದ್ದು 2009ರ ನವೆಂಬರ್‌ನಲ್ಲಿ. ತೌಕ್ತೆ ನಮ್ಮ ಕರಾವಳಿಯನ್ನು ಕಾಡಿದ್ದು 2021ರ ಮೇ ತಿಂಗಳಲ್ಲಿ. ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದ ಚಾರಣಿಗರಿದ್ದ 22 ಜನರ ತಂಡ 2024ರ ಮೇ 29ರಂದು ಹೊರಟಿತು, ಜೂನ್ 7ಕ್ಕೆ ಮರಳಬೇಕಿತ್ತು. ಆರೇಳನೆಯ ದಿನಕ್ಕೆ ಹಿಮಗಾಳಿಗೆ ಸಿಕ್ಕು ಒಂಬತ್ತು ಮಂದಿ ತೀರಿಕೊಂಡರು. ಅವರ ನಿರ್ಧಾರಗಳ ಮೇಲೆ ಇಲ್ಲಿ ಕೂತು ತೀರ್ಪು ಕೊಡುವುದು ಸಲ್ಲ. ಆದರೆ ಏಳನೆಯ ದಿನದ ಹವೆಯನ್ನು ಹೊರಡುವ ದಿನವೇ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ.

ಮುನ್ಸೂಚನೆಯೇ ಸುಳ್ಳಾಗುವಾಗ ಯೋಜನೆ ಯಾಕೆ ಎಂದು ಕೇಳುವವರುಂಟು. ಸುಳ್ಳಾಗುತ್ತದೆಂದೇ ಖಾಲಿ ದಿನ ಬೇಕು. ಮುನ್ಸೂಚನೆಯ ಜೊತೆಗೆ ನಿನ್ನೆ ಬಿದ್ದ ಮಳೆಯನ್ನೂ ನೋಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಜಿಲ್ಲೆಯ ಬಣ್ಣಕ್ಕಿಂತ ಆ ಅಂಕಿ ಚಾರಣಿಗರಿಗೆ ಹೆಚ್ಚು ಉಪಯೋಗಿ. ರಜೆ ಎಲ್ಲಿದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮೂರು ದಿನ ರಜೆಯಿದ್ದರೆ ಎರಡು ದಿನದ ದಾರಿ ಆರಿಸಿಕೊಳ್ಳುವುದೊಂದೇ ಅದಕ್ಕೆ ಉತ್ತರ, ರುಚಿಸಲಿ ಬಿಡಲಿ. ಜೋಯಿಡಾದ ಕುಣಬಿಗಳು ಜಡಿಮಳೆಯಲ್ಲೂ ನಡೆಯುತ್ತಾರಲ್ಲ ಎಂಬ ಮಾತೂ ಇದೆ. ಅವರಿಗೆ ಯಾವ ಹಳ್ಳ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಗೊತ್ತು, ಇಳಿಯುವವರೆಗೆ ಕಾಯುತ್ತಾರೆ. ಸೋಮವಾರ ಬೆಳಿಗ್ಗೆ ಬೆಂಗಳೂರಿನ ಕಚೇರಿಯಲ್ಲಿರಬೇಕಾದವರು ಕಾಯುವುದಿಲ್ಲ.

ಈ ಕಾಯುವಿಕೆಗೆ ಅರಣ್ಯ ಇಲಾಖೆಯೂ ಅವಕಾಶ ಮಾಡಿಕೊಡಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಳೆ ಬಂತೆಂದು ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಹಾಕಲೂಬಾರದು. ಹಾಗಾಗಿ ಖಾಲಿ ದಿನವನ್ನು ಕಾಡಿನಂಚಿನ ಹೋಮ್‌ಸ್ಟೇಯಲ್ಲೋ ಕುಳಗಿಯಂಥ ಶಿಬಿರದಲ್ಲೋ ಕಳೆಯಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ರಾಜ್ಯದ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಂತು, ಒಳ್ಳೆಯದೇ ಆಯಿತು. ಆದರೆ ದಿನಾಂಕ ಹಾಕಿದ ಟಿಕೆಟ್ ಕೈಯಲ್ಲಿದ್ದವರು ಮೋಡ ನೋಡುವುದಿಲ್ಲ, ಕೊಟ್ಟ ದುಡ್ಡು ನೋಡುತ್ತಾರೆ. ಕಿತ್ತಳೆ ಎಚ್ಚರಿಕೆ ಬಂದ ದಿನಕ್ಕೆ ಬುಕ್ ಮಾಡಿದವರಿಗೆ ತಕರಾರಿಲ್ಲದೆ ಬೇರೆ ದಿನ ಸಿಗುವುದು ಎಲ್ಲ ಚಾರಣಪಥಗಳಿಗೂ ಒಂದೇ ನಿಯಮವಾಗಬೇಕು. ಮುಂದಿನ ಚಾರಣದ ಹಂಗಾಮು ತೆರೆಯುವ ಮೊದಲೇ ಇಲಾಖೆ ಇಷ್ಟು ಮಾಡಲಿ.